ಮುಟ್ಟು ನಿಂತಿದೆ, ದಂಧೆ ನಿಂತಿಲ್ಲ: ಒಳಗಿನ ಉರಿಗೆ ಏನು ಮಾಡಬೇಕು?

"ಯಕ್ಕಾ, ಒಳಗ ಖಾರಾ ಸವರಿದಂಗ ಆಗ್ತೈತಿ. ಗಿರಾಕಿ ಬಂದ್ರ ಎದಿ ಡವಡವ ಅಂತೈತಿ."

ಲೈಂಗಿಕ ದಂಧೆಯ ಗಲ್ಲಿಗಳಿರುವ ಪುಣೆಯ ಬುಧವಾರ ಪೇಠೆಯ ಒಂದು ಖೋಲಿಯಲ್ಲಿ, ದಗಡೂಶೇಟ್ ಗಣಪತಿ ಗುಡಿಯ ಗಂಟೆ ಕೇಳಿಸುವಷ್ಟು ಹತ್ತಿರದಲ್ಲಿ, ವಿಜಯಪುರ ಕಡೆಯ ಅಕ್ಕ ಒಬ್ಬರು ನನಗೆ ಹೀಗೆ ಹೇಳಿದರು. ವಯಸ್ಸು 47. ಮುಟ್ಟು ನಿಂತು ಒಂದೂವರೆ ವರ್ಷ. ಅದಕ್ಕೂ ಈ ಉರಿಗೂ ಸಂಬಂಧ ಇದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಹಗಲು ಆ್ಯಂಟಿಸೆಪ್ಟಿಕ್ ಬೆರೆಸಿದ ನೀರಲ್ಲಿ ತೊಳೆಯುತ್ತಿದ್ದರು. ರಾತ್ರಿ ತಲೆಗೆ ಹಚ್ಚುವ ಎಣ್ಣೆ ಸವರಿಕೊಂಡು ಕೆಲಸಕ್ಕೆ ಕೂರುತ್ತಿದ್ದರು. ಎರಡೂ ಉರಿಯನ್ನು ಜಾಸ್ತಿ ಮಾಡುತ್ತಿದ್ದವು.

ಇದು ಅವರೊಬ್ಬರ ಕಥೆಯಲ್ಲ. ನಾನು ಈ ಗಲ್ಲಿಗಳಲ್ಲಿ ಆರೋಗ್ಯದ ಕೆಲಸ ಮಾಡುತ್ತೇನೆ. ಬೆಳಗಾವಿ, ಬಾಗಲಕೋಟೆ, ಕಲಬುರಗಿ ಕಡೆಯಿಂದ ಬಂದು ಇಲ್ಲೇ ವಯಸ್ಸಾದ ಅಕ್ಕಂದಿರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ, ಡಾಕ್ಟರಿಗೆ ಅವರ ಮಾತನ್ನು ಮರಾಠಿಯಲ್ಲಿ ಹೇಳುತ್ತೇನೆ. "ವಯಸ್ಸಾಯ್ತು, ತಡ್ಕೋಬೇಕು" ಅನ್ನುವ ಮಾತು ಕೇಳಿ ಕೇಳಿ ನನಗೆ ಸಂಕಟವಾಗುತ್ತದೆ. ತಡೆದುಕೊಳ್ಳುವ ಅಗತ್ಯವೇ ಇಲ್ಲ. ಇದಕ್ಕೆ ಔಷಧಿ ಇದೆ.

ಏನಾಗುತ್ತದೆ ಅಂದರೆ, ಮುಟ್ಟು ನಿಲ್ಲುವ ಹೊತ್ತಿಗೆ ಮೈಯಲ್ಲಿ ಈಸ್ಟ್ರೊಜೆನ್ ಎಂಬ ಹಾರ್ಮೋನು ಕಡಿಮೆಯಾಗುತ್ತದೆ. ಯೋನಿಯ ಒಳಪದರ ದಪ್ಪಗೆ, ಮೆತ್ತಗೆ, ಹಸಿಯಾಗಿ ಇರುವುದು ಇದರಿಂದಲೇ. ಇದು ಇಳಿದರೆ ಪದರ ತೆಳುವಾಗುತ್ತದೆ, ಒಣಗುತ್ತದೆ, ಸ್ವಲ್ಪ ಉಜ್ಜಿದರೂ ಸೀಳುತ್ತದೆ. ಅಲ್ಲಿ ಹುಳಿ ಕಾಪಾಡುತ್ತಿದ್ದ ಒಳ್ಳೆಯ ಬ್ಯಾಕ್ಟೀರಿಯಾಗಳೂ ಕಡಿಮೆಯಾಗುತ್ತವೆ. ಆ ಹುಳಿಯೇ ಸೋಂಕನ್ನು ತಡೆಯುವ ಕಾವಲು. ಮೈ ಬಿಸಿ ಏರುವುದು, ಬೆವರುವುದು ಕೆಲವು ವರ್ಷಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಈ ಒಣಗುವುದು ಹಾಗಲ್ಲ, ಸುಮ್ನೆ ಬಿಟ್ಟರೆ ಇನ್ನೂ ಹೆಚ್ಚುತ್ತದೆ.

ಮೊದಲು, ಮುಟ್ಟು ನಿಜಕ್ಕೂ ನಿಂತಿದೆಯಾ ನೋಡಿ

ಪೂರ್ತಿ 12 ತಿಂಗಳು ಒಂದು ಸಲವೂ ಆಗದಿದ್ದರೆ ಮಾತ್ರ ನಿಂತಿದೆ ಎಂದು ಲೆಕ್ಕ. ನಮ್ಮ ದೇಶದ ಹೆಂಗಸರಿಗೆ ಸಾಮಾನ್ಯವಾಗಿ 46-47ರ ಸುಮಾರಿಗೆ ನಿಲ್ಲುತ್ತದೆ. ಬೀಡಿ, ಸಿಗರೇಟು ಸೇದುವವರಿಗೆ ಒಂದೆರಡು ವರ್ಷ ಮೊದಲೇ. ಆಪರೇಷನ್‌ನಲ್ಲಿ ಗರ್ಭಚೀಲದ ಜೊತೆ ಎರಡೂ ಅಂಡಾಶಯ ತೆಗೆದಿದ್ದರೆ ವಯಸ್ಸು 35 ಆಗಿದ್ದರೂ ಮರುದಿನದಿಂದಲೇ ಈ ತೊಂದರೆಗಳು ಶುರುವಾಗಬಹುದು. ಊರಲ್ಲಿ ಚೀಲ ತೆಗೆಸಿಕೊಂಡು ಬಂದ ಅನೇಕರಿಗೆ ಏನೇನು ತೆಗೆದರು ಅನ್ನುವುದೇ ಗೊತ್ತಿರುವುದಿಲ್ಲ. ಹಳೆಯ ಡಿಸ್ಚಾರ್ಜ್ ಚೀಟಿ ಇದ್ದರೆ ಹುಡುಕಿ ಇಟ್ಟುಕೊಳ್ಳಿ.

ಎರಡು-ಮೂರು ತಿಂಗಳು ತಪ್ಪಿದೆ ಅಷ್ಟೇ ಅಂದರೆ ಮೊದಲು ಬಸಿರಿನ ಟೆಸ್ಟ್ ಮಾಡಿಕೊಳ್ಳಿ. 50 ದಾಟಿದವರಿಗೆ ಮುಟ್ಟು ನಿಂತು ಒಂದು ವರ್ಷದವರೆಗೆ, 50ರೊಳಗಿನವರಿಗೆ ಎರಡು ವರ್ಷದವರೆಗೆ ಬಸಿರಾಗುವ ಸಾಧ್ಯತೆ ಇದೆ ಎಂದೇ ಡಾಕ್ಟರುಗಳು ಹೇಳುತ್ತಾರೆ.

ಎಣ್ಣೆ ಬಿಡಿ, ನೀರಿನ ಜೆಲ್ಲಿ ತೆಗೆದುಕೊಳ್ಳಿ

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಖೋಲಿಯಲ್ಲಿ ನಾನು ಒಂದು ಆಟ ತೋರಿಸುತ್ತೇನೆ. ಕಾಂಡೋಮನ್ನು ಬಲೂನಿನ ಹಾಗೆ ಊದಿ ಗಂಟು ಹಾಕುವುದು. ಬೆರಳಿಗೆ ತಲೆಯ ಎಣ್ಣೆ ಮುಟ್ಟಿಸಿ ಅದರ ಮೇಲೆ ಸವರುತ್ತಾ ಇರುವುದು. ಎಲ್ಲರೂ ನಗುತ್ತಿರುತ್ತಾರೆ. ಸ್ವಲ್ಪ ಹೊತ್ತಿಗೆ ಢಬ್ ಅಂತ ಒಡೆಯುತ್ತದೆ, ನಗು ನಿಲ್ಲುತ್ತದೆ. ಮಾಮೂಲಿ ಕಾಂಡೋಮು ರಬ್ಬರಿನದು. ಕೊಬ್ಬರಿ ಎಣ್ಣೆ, ಬೇಬಿ ಆಯಿಲ್, ವ್ಯಾಸಲೀನ್, ತುಪ್ಪ, ಮುಖಕ್ಕೆ ಹಚ್ಚುವ ಕ್ರೀಮು, ಯಾವ ಜಿಡ್ಡು ತಾಗಿದರೂ ರಬ್ಬರು ಬಲ ಕಳೆದುಕೊಳ್ಳುತ್ತದೆ. ಕೆಲವಕ್ಕೆ ಒಂದು ನಿಮಿಷವೇ ಸಾಕು. ಒಳಗೆ ಮೊದಲೇ ಸೀಳು, ಮೇಲೆ ಕಾಂಡೋಮೂ ಹರಿದರೆ ಎಚ್‌ಐವಿ, ಸಿಫಿಲಿಸ್ ಬರಲು ದಾರಿ ತೆರೆದ ಹಾಗೆ, ಅಲ್ವಾ?

ಮೆಡಿಕಲ್ ಶಾಪಿನಲ್ಲಿ "ವಾಟರ್ ಬೇಸ್ಡ್ ಲೂಬ್ರಿಕೆಂಟ್ ಜೆಲ್" ಕೊಡಿ ಎಂದು ಕೇಳಿ. ಕೆವೈ ಜೆಲ್ಲಿ ಅಂದರೂ ಗೊತ್ತಾಗುತ್ತದೆ. ಬರೀ "ಜೆಲ್ಲಿ" ಅಂದರೆ ಕೆಲವು ಕಡೆ ಲಿಗ್ನೊಕೇನ್ ಜೆಲ್ಲಿ ಕೊಟ್ಟುಬಿಡುತ್ತಾರೆ. ಟ್ಯೂಬಿನ ಮೇಲೆ ಆ ಹೆಸರು ಇದ್ದರೆ ವಾಪಸ್ ಕೊಡಿ. ಅದು ಜಾಗವನ್ನು ಮರಗಟ್ಟಿಸುವ ಔಷಧಿ. ನೋವಾಗುವುದಿಲ್ಲ ಅಂತ ಅದನ್ನೇ ಹಚ್ಚಿಕೊಂಡು ಕೆಲಸ ಮಾಡುವವರನ್ನು ನೋಡಿದ್ದೇನೆ. ನೋವು ಗೊತ್ತಾಗದಿದ್ದರೆ ಸೀಳಿದ್ದೂ ಗೊತ್ತಾಗುವುದಿಲ್ಲ. ಸಿಲಿಕಾನ್ ಜೆಲ್ ಬೆಲೆ ಜಾಸ್ತಿ, ಆದರೆ ಬೇಗ ಒಣಗುವುದಿಲ್ಲ, ಕಾಂಡೋಮಿಗೂ ತೊಂದರೆಯಿಲ್ಲ.

ಬೆರಳ ತುದಿಯಷ್ಟು ಒಳಗೆ, ಅಷ್ಟೇ ಯೋನಿಯ ಬಾಯಿಯ ಸುತ್ತ, ಇನ್ನು ಸ್ವಲ್ಪ ಕಾಂಡೋಮು ಹಾಕಿದ ಮೇಲೆ ಅದರ ಹೊರಮೈಗೆ. ಗಿರಾಕಿ ಬರುವ ಮೊದಲೇ ಒಳಗಿನದು ಹಚ್ಚಿಕೊಂಡಿದ್ದರೆ ಅವನಿಗೆ ಗೊತ್ತೂ ಆಗುವುದಿಲ್ಲ. ನಡುವೆ ಒಣಗಿದರೆ ಇನ್ನಷ್ಟು ಹಚ್ಚಿ, ಎರಡು ಹನಿ ಶುದ್ಧ ನೀರು ಸೋಕಿಸಿದರೂ ಅದು ಮತ್ತೆ ಜಾರುತ್ತದೆ. ಎಂಜಲು ಬೇಡ. ಎರಡು ಕಾಂಡೋಮು ಒಂದರ ಮೇಲೊಂದು ಹಾಕುವುದೂ ಬೇಡ, ಉಜ್ಜಿ ಹರಿಯುತ್ತವೆ. ಜೆಲ್ ಹಚ್ಚಿದರೆ ಉರಿ ಜಾಸ್ತಿಯಾಗುತ್ತದೆಯಾ? ಬೇರೆ ಕಂಪನಿಯದು ನೋಡಿ. ಪರಿಮಳದ್ದು, ಬಿಸಿಯಾಗುವಂಥದ್ದು ತರಬೇಡಿ.

ಮೇಲೆ ಕೂತು ಮಾಡಿದರೆ ಎಷ್ಟು ಆಳ, ಎಷ್ಟು ವೇಗ ಅನ್ನುವುದು ನಿಮ್ಮ ಕೈಯಲ್ಲಿರುತ್ತದೆ. ತುಂಬಾ ಉರಿ ಇರುವ ದಿನ ಕೈಯಲ್ಲೇ ಮುಗಿಸುವ ಕೆಲಸ ಮಾತ್ರ ಒಪ್ಪಿಕೊಳ್ಳಿ.

ಇನ್ನೊಂದು. "ನಿಂಗೆ ಮುಟ್ಟು ನಿಂತಿದೆಯಲ್ಲ, ಇನ್ನು ಕಾಂಡೋಮ್ ಯಾಕೆ?" ಅನ್ನುವ ಗಿರಾಕಿಗಳಿದ್ದಾರೆ. ವಯಸ್ಸಾದಂತೆ ಗಿರಾಕಿ ಕಡಿಮೆ, ರೇಟೂ ಕಡಿಮೆ, ಅದಕ್ಕೇ ಒಪ್ಪಿಬಿಡುವ ಒತ್ತಡ ಎಷ್ಟಿರುತ್ತದೆ ಅಂತ ನನಗೆ ಗೊತ್ತು. ಆದರೆ ತೆಳುವಾದ ಪದರದಿಂದ ರೋಗ ಒಳಗೆ ಹೋಗುವುದು ಮೊದಲಿಗಿಂತ ಸುಲಭ. ಈಗಲೇ ಕಾಂಡೋಮು ಹೆಚ್ಚು ಬೇಕು. ಹರಿದರೆ ಬೆಳಗಾಗಲಿ ಅಂತ ಕಾಯುತ್ತಾ ದಿನ ತಳ್ಳಬೇಡಿ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. 28 ದಿನ ನುಂಗಬೇಕು. ಸರ್ಕಾರಿ ಆಸ್ಪತ್ರೆಯ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರದಲ್ಲಿ ಕೇಳಿ. 1097 ಎಚ್‌ಐವಿ ಬಗ್ಗೆ ಕೇಳಲು ಉಚಿತ ಸಹಾಯವಾಣಿ.

ಒಳಗೆ ತೊಳೆಯುವುದನ್ನು ನಿಲ್ಲಿಸಿ

ಸೋಪು, ಆ್ಯಂಟಿಸೆಪ್ಟಿಕ್, ನಿಂಬೆ, ಉಪ್ಪುನೀರು ಯಾವುದೂ ಒಳಗೆ ಹೋಗಬಾರದು. ಬಿಗಿಯಾಗಲಿ ಅಂತ ಪಟಿಕ ಇಡುವವರಿದ್ದಾರೆ. ಪಟಿಕ ಇರುವ ಅಷ್ಟಿಷ್ಟು ಹಸಿಯನ್ನೂ ಹೀರಿಬಿಡುತ್ತದೆ. ಹೊರಗೆ ಮಾತ್ರ ಬರೀ ನೀರು ಹಾಕಿ, ಮೆಲ್ಲಗೆ ಒತ್ತಿ ಒರೆಸಿ. ಪ್ರತಿ ಗಿರಾಕಿಯ ನಂತರ ಮೂತ್ರ ಮಾಡಿ. ಪಾಯಿಖಾನೆ ಒಂದೇ, ಸಾಲು ಉದ್ದ ಅಂತ ನೀರೇ ಕುಡಿಯದೆ ಇರುವವರು ನಮ್ಮಲ್ಲಿ ಬಹಳ. ಉರಿಮೂತ್ರ ಮತ್ತೆ ಮತ್ತೆ ಬರಲು ಅದೂ ಒಂದು ಕಾರಣ.

ನಿಯಮಿತವಾಗಿ ಹಚ್ಚುವ ಔಷಧಿ

ಜೆಲ್ಲಿ ಕೆಲಸದ ಹೊತ್ತಿಗೆ ಮಾತ್ರ. ಮೂಲ ತೊಂದರೆಗೆ ಬೇರೆ ಮದ್ದು ಬೇಕು. ತೊಂದರೆ ಕಡಿಮೆ ಇದ್ದರೆ ವಾರಕ್ಕೆ ಎರಡು-ಮೂರು ಸಲ ಯೋನಿಗೆಂದೇ ಇರುವ ಮಾಯಿಶ್ಚರೈಸರ್ ಸಾಕಾಗಬಹುದು. ಹೆಚ್ಚಿದ್ದರೆ ಡಾಕ್ಟರು ಈಸ್ಟ್ರೊಜೆನ್ ಇರುವ ಕ್ರೀಮು ಬರೆಯುತ್ತಾರೆ. ಸಾಮಾನ್ಯವಾಗಿ ಮೊದಲ ಎರಡು-ಮೂರು ವಾರ ದಿನವೂ, ಆಮೇಲೆ ವಾರಕ್ಕೆ ಎರಡು ಸಲ. ಟ್ಯೂಬಿನ ಜೊತೆ ಬರುವ ಕೊಳವೆಯಲ್ಲಿ ತುಂಬಿ, ಮಲಗಿಕೊಂಡು ಒಳಗೆ ಬಿಡುವುದು.

ಚೀಟಿಯಲ್ಲಿ "ರಾತ್ರಿ ಮಲಗುವಾಗ" ಅಂತ ಇರುತ್ತದೆ. ನಮ್ಮ ಅಕ್ಕಂದಿರ ರಾತ್ರಿ ಮಲಗಲು ಅಲ್ಲವಲ್ಲ! ಕೆಲಸ ಮುಗಿಸಿ ನೀವು ನಿದ್ದೆಗೆ ಹೋಗುವ ಹೊತ್ತು ಬೆಳಗಿನ ಐದು ಗಂಟೆ ಆಗಿದ್ದರೆ ಅದೇ ನಿಮ್ಮ ರಾತ್ರಿ. ಆಗ ಹಚ್ಚಿ. ಗಿರಾಕಿ ಬರುವ ಮುಂಚೆ ಹಚ್ಚಬಾರದು. ಕ್ರೀಮಿನ ಜಿಡ್ಡು ಕಾಂಡೋಮನ್ನು ಕೆಡಿಸಬಹುದು, ಔಷಧಿಯೂ ವ್ಯರ್ಥ. ಒಂದು ವಾರಕ್ಕೇ ಗುಣ ಕಾಣಲಿಲ್ಲ ಅಂತ ಬಿಟ್ಟುಬಿಡಬೇಡಿ. ಪದರ ಮತ್ತೆ ಬೆಳೆಯಲು ವಾರಗಳು ಬೇಕು, ಕೆಲವರಿಗೆ ಮೂರು ತಿಂಗಳು. ಮೊಲೆಯ ಕ್ಯಾನ್ಸರ್ ಆಗಿತ್ತು, ಎಚ್‌ಐವಿ ಮಾತ್ರೆ ನಡೆದಿದೆ, ಕಾರಣ ಗೊತ್ತಿಲ್ಲದೆ ಕೆಳಗಿನಿಂದ ರಕ್ತ ಹೋಗುತ್ತಿದೆ ಅಂದರೆ ಡಾಕ್ಟರಿಗೆ ಮೊದಲೇ ಹೇಳಿ. ಪಕ್ಕದ ಖೋಲಿಯವರ ಟ್ಯೂಬು ಎರವಲು ಬೇಡ.

ಬರೀ ಒಣಗಿದ್ದಾ, ಸೋಂಕಾ?

ಮೀನಿನ ವಾಸನೆ, ಹಸಿರು ಅಥವಾ ನೊರೆ ನೊರೆ ಬಿಳಿಸೆರಗು, ಹುಣ್ಣು, ಕಿಬ್ಬೊಟ್ಟೆ ನೋವು ಇದ್ದರೆ ಅದು ಸೋಂಕಿರಬಹುದು. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ನಲ್ಲಿ ತಪಾಸಣೆ, ಔಷಧಿ ಉಚಿತ. ಮೊಸರೊಡೆದ ಹಾಗೆ ಹೋಗಿ ತುರಿಸುವುದು ಮುಟ್ಟು ನಿಂತವರಿಗೆ ಅಷ್ಟಾಗಿ ಬರುವುದಿಲ್ಲ. ಬಂದರೆ ಸಕ್ಕರೆ ಕಾಯಿಲೆ ಟೆಸ್ಟ್ ಮಾಡಿಸಿ. ಎಚ್‌ಐವಿ, ಸಿಫಿಲಿಸ್ ಟೆಸ್ಟ್ ಆರು ತಿಂಗಳಿಗೊಮ್ಮೆ ಇದ್ದೇ ಇರಲಿ.

ಮೈ ಬಿಸಿ ಏರುವುದಕ್ಕೆ: ಹತ್ತಿ ಬಟ್ಟೆ, ಕಿಟಕಿ ಪಕ್ಕದ ಜಾಗ, ಒಂದು ಬೀಸಣಿಗೆ. ದಾರು, ಬಿಸಿ ಚಹಾ, ಖಾರ ಆದ ಮೇಲೆ ಜಾಸ್ತಿಯಾಗುತ್ತದಾ ಅಂತ ನಿಮ್ಮ ಮೈಯನ್ನೇ ಗಮನಿಸಿ. ನಿದ್ದೆಯೇ ಇಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ ಅನ್ನುವುದನ್ನೂ ಡಾಕ್ಟರಿಗೆ ಹೇಳಿ, ಅದಕ್ಕೂ ಮಾತ್ರೆಗಳಿವೆ.

ಆಸ್ಪತ್ರೆಯಲ್ಲಿ ಹೇಳುವುದು ಹೇಗೆ

ಪುಣೆಯಲ್ಲಿ ಸಸೂನ್ ಆಸ್ಪತ್ರೆ, ಮಂಗಳವಾರ ಪೇಠೆಯ ಕಮಲಾ ನೆಹರೂ ಆಸ್ಪತ್ರೆ ಎರಡೂ ಹತ್ತಿರದಲ್ಲಿವೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ. ಆಧಾರ್ ಇಲ್ಲದವರು ಈ ಕೆಲಸ ಮಾಡುವ ಹೆಂಗಸರ ಸಂಘದವರನ್ನು ಕೇಳಿ. ವಿಳಾಸದ ದಾಖಲೆ ಇಲ್ಲದಿದ್ದರೂ ಏಡ್ಸ್ ನಿಯಂತ್ರಣ ಸಂಸ್ಥೆಯ ಅಧಿಕಾರಿ ಕೊಡುವ ಪತ್ರದ ಮೇಲೆ ಈ ಕೆಲಸದವರಿಗೆ ಆಧಾರ್ ಕೊಡಬೇಕೆಂದು ಸುಪ್ರೀಂ ಕೋರ್ಟ್ 2022ರ ಮೇ 19ರಂದು ಹೇಳಿದೆ. ಗೌರವದಿಂದ ನಡೆಸಿಕೊಳ್ಳಬೇಕು ಅಂತಲೂ ಹೇಳಿದೆ.

ಒಮ್ಮೆ ಒಂದು ಆಸ್ಪತ್ರೆಯಲ್ಲಿ ಡಾಕ್ಟರು "ಖಾಲೀ ಜಳಜಳ ಹೋತೇ ಕಾ?" ಎಂದು ಕೇಳಿದರು. ಕೆಳಗೆ ಉರಿಯುತ್ತದಾ ಅಂತ. ನಮ್ಮ ಅಕ್ಕ "ಖಾಲಿ" ಅನ್ನುವುದನ್ನು ಕನ್ನಡದಲ್ಲಿ ಕೇಳಿಸಿಕೊಂಡು, ಚೀಲ ಖಾಲಿಯಾಗಿದೆಯಾ ಅಂತ ಕೇಳುತ್ತಿದ್ದಾರೆ ಎಂದುಕೊಂಡು ಇಲ್ಲ ಅಂತ ತಲೆಯಾಡಿಸಿದರು. ಡಾಕ್ಟರು ಬರೀ ವಿಟಮಿನ್ ಬರೆದು ಕಳಿಸಿದರು. ಆ ದಿನ ಜೊತೆಗೆ ನಾನಿರಲಿಲ್ಲ. ಅಂದಿನಿಂದ ನಾಲ್ಕು ಸಾಲು ಎಲ್ಲರಿಗೂ ಬಾಯಿಪಾಠ ಮಾಡಿಸುತ್ತೇನೆ. ಓದಲು ಬಾರದಿದ್ದರೆ ಮಕ್ಕಳ ಕೈಲಿ ಓದಿಸಿಕೊಳ್ಳಿ.

ನನ್ನ ಮುಟ್ಟು ನಿಂತಿದೆ: "ಮಾಝೀ ಪಾಳೀ ಬಂದ್ ಝಾಲೀ."

ಕೆಳಗೆ ಒಣಗುತ್ತದೆ, ಉರಿಯುತ್ತದೆ: "ಖಾಲೀ ಕೋರಡಂ ಪಡತಂ, ಜಳಜಳ ಹೋತೇ."

ಗರ್ಭಚೀಲ ತೆಗೆದಿದ್ದಾರೆ: "ಪಿಶವೀ ಕಾಢಲೀ ಆಹೇ."

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಚುಕ್ಕೆ ರಕ್ತ ಕಂಡರೂ, ಗಿರಾಕಿ ಹೋದ ಮೇಲೆ ಕಂಡರೂ, "ಸೀಳಿರಬೇಕು" ಅಂತ ಬಿಡಬೇಡಿ. ಸೀಳೇ ಇರಬಹುದು. ಗರ್ಭಕೋಶದ ಅಥವಾ ಗರ್ಭದ ಬಾಯಿಯ ಕ್ಯಾನ್ಸರಿನ ಮೊದಲ ಗುರುತೂ ಇರಬಹುದು. ನೋಡಿದರೆ ಮಾತ್ರ ಗೊತ್ತಾಗುತ್ತದೆ. ಬೇಗ ಸಿಕ್ಕರೆ ವಾಸಿಯಾಗುವ ಕಾಯಿಲೆ ಅದು. ಅದೇ ವಾರ ಹೋಗಿ, ಕುರ್ಚಿಯಲ್ಲಿ ಕೂತ ತಕ್ಷಣ ಇದನ್ನೇ ಮೊದಲು ಹೇಳಿ: "ಪಾಳೀ ಬಂದ್ ಝಾಲ್ಯಾವರ್ ರಕ್ತ ಗೇಲಂ."