ಗುಲಾಬಿ ಹಾಳೆ ಸಿಕ್ಕರೆ ಗೆದ್ದ ಪಂದ್ಯ

ಮುಂಬಯಿ ವಿಶ್ವವಿದ್ಯಾಲಯದ ಮಹಿಳಾ ಬಾಸ್ಕೆಟ್‌ಬಾಲ್ ತಂಡದ ಇತಿಹಾಸ ಒಂದೇ ಕಪಾಟಿನಲ್ಲಿ ಸಿಗುವುದಿಲ್ಲ. ತಂಡವೇ ಹಾಗೆ. ಪ್ರತಿ ವರ್ಷ ಅಂತರ-ಕಾಲೇಜು ಪಂದ್ಯಗಳು, ಟ್ರಯಲ್ಸ್, ಕ್ಯಾಂಪ್. ಆಯ್ಕೆಯಾದ ಹನ್ನೆರಡು ಹುಡುಗಿಯರು ಪಶ್ಚಿಮ ವಲಯದ ಪಂದ್ಯಾವಳಿ ಆಡಿ ಬಂದ ಮೇಲೆ ಮತ್ತೆ ತಂತಮ್ಮ ಕಾಲೇಜಿಗೆ. ಕಾಗದಗಳೂ ಅವರ ಜೊತೆಗೇ ಚದುರುತ್ತವೆ. ಆದ್ದರಿಂದ ಆ ಇತಿಹಾಸ ಕಲೆಹಾಕಲು ಹೊರಟ ನಾವು ವಿಶ್ವವಿದ್ಯಾಲಯದ ಕಚೇರಿಯನ್ನು ಕೊನೆಗಿಟ್ಟುಕೊಂಡು ಕಾಲೇಜುಗಳ ಜಿಮ್ಖಾನಾ ಕೋಣೆಗಳಿಂದ ಶುರುಮಾಡಿದೆವು.

ಮೊದಲು ಗಡಿ ಗುರುತಿಸಿಕೊಳ್ಳಬೇಕು. 1949ರಲ್ಲಿ ಪುಣೆ ವಿಶ್ವವಿದ್ಯಾಲಯ ಬಂತು, ಅದೇ ವರ್ಷ ಕರ್ನಾಟಕ ವಿಶ್ವವಿದ್ಯಾಲಯವೂ ಹುಟ್ಟಿತು. ಅಲ್ಲಿಯವರೆಗೆ ಪುಣೆಯ ಕಾಲೇಜುಗಳೂ ನಮ್ಮ ಧಾರವಾಡದ ಕರ್ನಾಟಕ ಕಾಲೇಜೂ ಮುಂಬಯಿ ವಿಶ್ವವಿದ್ಯಾಲಯದ ಅಡಿಯಲ್ಲೇ ಇದ್ದವು. ಗೋವಾ ವಿಶ್ವವಿದ್ಯಾಲಯ ಆದದ್ದು 1985ರಲ್ಲಿ. ಅದಕ್ಕೆ ಮುಂಚಿನ ಮುಂಬಯಿ ತಂಡದ ಪಟ್ಟಿಯಲ್ಲಿ ಪಣಜಿಯ ಕಾಲೇಜಿನ ಹೆಸರಿದ್ದರೆ ತಪ್ಪೆಂದು ಹೊಡೆದುಹಾಕಬೇಡಿ. ಎಸ್‌ಎನ್‌ಡಿಟಿ ಎಂಬ ಮಹಿಳಾ ವಿಶ್ವವಿದ್ಯಾಲಯ ಇದೇ ನಗರದಲ್ಲಿದ್ದರೂ ಬೇರೆಯೇ ಸಂಸ್ಥೆ, ಅದರ ತಂಡವೂ ಬೇರೆ. ಹಳೆಯ ಪತ್ರಿಕೆಯಲ್ಲಿ ‘ಬಾಂಬೆ ಮಹಿಳೆಯರು’ ಎಂದಷ್ಟೇ ಇದ್ದರೆ ಅದು ನಗರದ ತಂಡವೋ ವಿಶ್ವವಿದ್ಯಾಲಯದ್ದೋ ಎಂದು ಎದುರಾಳಿಯ ಹೆಸರು ನೋಡಿ ತೀರ್ಮಾನಿಸಬೇಕು. ಜೂನಿಯರ್ ಕಾಲೇಜಿನ (ಪಿಯುಸಿ ಮಟ್ಟದ) ಕಪ್‌ಗಳೂ ಕಾಲೇಜಿನ ಕಪಾಟಿನಲ್ಲೇ ಇರುತ್ತವೆ. ಅವು ಈ ಲೆಕ್ಕಕ್ಕೆ ಬರುವುದಿಲ್ಲ.

ಅತಿ ಹೆಚ್ಚು ಮಾಹಿತಿ ಕೊಟ್ಟದ್ದು ಸ್ಕೋರ್‌ಶೀಟ್. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮದ ಪ್ರಕಾರ ಅದು ಒಂದು ಮೂಲ ಮತ್ತು ಮೂರು ಪ್ರತಿ. ಬಿಳಿ ಹಾಳೆ ಫಿಬಾಗೆ, ನೀಲಿ ಪಂದ್ಯ ನಡೆಸಿದವರಿಗೆ, ಗುಲಾಬಿ ಗೆದ್ದವರಿಗೆ, ಹಳದಿ ಸೋತವರಿಗೆ. ಕಾಲೇಜಿನ ಫೈಲಿನಲ್ಲಿ ಅಂಕವೇ ಅಳಿಸಿಹೋದ ಗುಲಾಬಿ ಹಾಳೆ ಸಿಕ್ಕರೂ ಆ ಪಂದ್ಯ ಯಾರದೆಂಬ ಸುಳಿವು ಸಿಕ್ಕಂತೆ. ಆದರೆ ಸ್ಥಳೀಯ ಪಂದ್ಯಗಳಲ್ಲಿ ಕೈಗೆ ಸಿಕ್ಕ ಕಾಗದಕ್ಕೆ ಕಾರ್ಬನ್ ಇಟ್ಟು ಬರೆದದ್ದೂ ಉಂಟು, ಬಣ್ಣವೊಂದನ್ನೇ ನಂಬಿ ಫಲಿತಾಂಶ ಬರೆಯಬಾರದು.

ಹಾಳೆಯಲ್ಲಿ ತಾರೀಕಿಲ್ಲದಿದ್ದರೆ ಅಂಕದ ಕಾಲಮ್ಮನ್ನು ಓದಿ. ಎರಡು ಅಂಕದ ಬುಟ್ಟಿಗೆ ಓರೆಗೆರೆ, ಫೌಲಿಗೆ ಸಿಗುವ ಫ್ರೀ ಥ್ರೋಗೆ ತುಂಬಿದ ಚುಕ್ಕೆ, ಮೂರು ಅಂಕಕ್ಕೆ ಆಟಗಾರ್ತಿಯ ನಂಬರಿನ ಸುತ್ತ ವೃತ್ತ. ಆಚೆಯಿಂದ ಹಾಕಿದ ಬುಟ್ಟಿಗೆ ಮೂರು ಅಂಕ ಕೊಡುವ ಗೆರೆಯನ್ನು ಫಿಬಾ ತಂದದ್ದು 1984ರಲ್ಲಿ. ನಂಬರಿಗೆ ವೃತ್ತ ಕಂಡರೆ ಹಾಳೆ ಅದಕ್ಕಿಂತ ಈಚಿನದು. ಒಂದು ಅವಧಿ ಮುಗಿದಾಗ ಕೊನೆಯ ಅಂಕಕ್ಕೆ ದಪ್ಪ ವೃತ್ತ ಹಾಕಿ ಕೆಳಗೆ ದಪ್ಪ ಗೆರೆ ಎಳೆಯುತ್ತಾರೆ. ಕಾರ್ಬನ್ ಪ್ರತಿಯಲ್ಲಿ ಅವಧಿ ಬದಲಾದದ್ದನ್ನು ತೋರಿಸುವ ಕೆಂಪು-ನೀಲಿ ಪೆನ್ನಿನ ವ್ಯತ್ಯಾಸ ಹೋಗಿರುತ್ತದೆ, ಈ ದಪ್ಪ ಗೆರೆ ಮಾತ್ರ ಉಳಿದಿರುತ್ತದೆ. ಅಂಥವು ಎರಡೇ ಇದ್ದರೆ 20 ನಿಮಿಷದ ಎರಡು ಅರ್ಧಗಳ ಕಾಲ. ನಾಲ್ಕಿದ್ದರೆ 10 ನಿಮಿಷದ ಕ್ವಾರ್ಟರ್, ಅಂದರೆ 2000ದ ನಂತರ. ಜೆರ್ಸಿ ನಂಬರೆಲ್ಲ 4ರಿಂದ 15ರೊಳಗೇ ಇದ್ದರೆ ಬಹುಶಃ 2014ಕ್ಕೆ ಮೊದಲಿನದು.

ಫೋಟೊದಲ್ಲಿ ಮುಖಕ್ಕಿಂತ ಮೊದಲು ನೆಲ ನೋಡಿ. ರಿಂಗಿನ ಕೆಳಗೆ ಗೆರೆ ಎಳೆದು ಗುರುತಿಸಿದ ಜಾಗ, ಅಂದರೆ ‘ಕೀ’, ಬುಡದ ಕಡೆ ಅಗಲವಾಗಿದ್ದರೆ ಹಳೆಯ ಗುರುತು, ನೇರ ಆಯತವಾಗಿದ್ದರೆ 2010ರ ನಿಯಮದ್ದು. ಮೂರು ಅಂಕದ ಗೆರೆ 6.25 ಮೀಟರಿನಿಂದ 6.75ಕ್ಕೆ ಸರಿದದ್ದೂ ಆಗಲೇ. ಇಲ್ಲೊಂದು ಅಪಾಯವಿದೆ. ನಿಯಮ ಬದಲಾದ ದಿನವೇ ಯಾವ ಕಾಲೇಜೂ ಕೋರ್ಟಿಗೆ ಹೊಸ ಬಣ್ಣ ಬಳಿಯುವುದಿಲ್ಲ. ಹೊಸ ಗುರುತು ಕಂಡರೆ ‘ಇದಕ್ಕಿಂತ ಹಿಂದಿನದಲ್ಲ’ ಎನ್ನಬಹುದು. ಹಳೆಯ ಗುರುತು ಕಂಡರೆ ಏನನ್ನೂ ಖಚಿತವಾಗಿ ಹೇಳಲಾಗದು.

ಹೆಸರಿನ ಕೆಲಸ ಎಲ್ಲಕ್ಕಿಂತ ನಿಧಾನ. ಇಲ್ಲಿಯ ದಾಖಲೆಯಲ್ಲಿ ಅಡ್ಡಹೆಸರು ಮೊದಲು, ಆಮೇಲೆ ಹುಡುಗಿಯ ಹೆಸರು, ಆಮೇಲೆ ತಂದೆಯದು. ‘ಶೆಟ್ಟಿ ಎಸ್. ಆರ್.’ ಎಂದಿದ್ದರೆ ಆ ‘ಆರ್’ ತಂದೆ. ಮದುವೆಯಾದ ಮೇಲೆ ಆ ಜಾಗಕ್ಕೆ ಗಂಡನ ಹೆಸರು ಬಂದು ಅಡ್ಡಹೆಸರೂ ಬದಲಾಗುತ್ತದೆ, ಕೆಲವು ಮನೆಗಳಲ್ಲಿ ಹುಡುಗಿಯ ಹೆಸರನ್ನೇ ಬದಲಿಸುತ್ತಾರೆ. ಎರಡು ವರ್ಷ ವಿಶ್ವವಿದ್ಯಾಲಯಕ್ಕೆ ಆಡಿದವಳು ಪಟ್ಟಿಯಲ್ಲಿ ಇಬ್ಬರಾಗಿ ನಿಲ್ಲುವುದು ಹೀಗೆ. ಅರ್ಹತಾ ಫಾರ್ಮಿನ ಜನ್ಮದಿನಾಂಕ ಮತ್ತು ಕಾಲೇಜು ಎರಡೂ ಹೊಂದಿದರೆ ಮಾತ್ರ ನಾವು ಒಬ್ಬರೆಂದು ಸೇರಿಸಿದೆವು. ಇದರಲ್ಲಿ ಅವಸರ ಮಾಡಿದರೆ ಒಬ್ಬ ಹೆಣ್ಣುಮಗಳ ಆಟವನ್ನೇ ಇನ್ನೊಬ್ಬರ ಖಾತೆಗೆ ಬರೆದಂತಾಗುತ್ತದೆ.

ಮಾಟುಂಗಾ, ಡೊಂಬಿವಿಲಿಯ ಕನ್ನಡದ ಮನೆಗಳಲ್ಲಿ ಹಳೆಯ ಆಟಗಾರ್ತಿಯರನ್ನು ಮಾತಾಡಿಸುವಾಗ ‘ಯಾವ ಇಸವಿ ಅಕ್ಕ?’ ಎಂದು ಕೇಳಿ ಪ್ರಯೋಜನವಿಲ್ಲ. ‘ಆಗ ನೀವು ಎಸ್‌ವೈನಲ್ಲಿದ್ದಿರಾ, ಟಿವೈನಲ್ಲಾ?’ ಎಂದರೆ, ಅಂದರೆ ಡಿಗ್ರಿಯ ಎರಡನೇ ವರ್ಷವೋ ಮೂರನೆಯದೋ ಎಂದು ಕೇಳಿದರೆ, ತಕ್ಷಣ ಉತ್ತರ ಬರುತ್ತದೆ. ‘ಚೆಂಡು ಹುಡುಗರದ್ದೇ ಆಗಿತ್ತಾ?’ ಎಂಬುದು ಇನ್ನೊಂದು ಒಳ್ಳೆಯ ಪ್ರಶ್ನೆ, ಏಕೆಂದರೆ ಮಹಿಳೆಯರ ಆಟಕ್ಕೆ 6ನೇ ಸೈಜಿನ ಚಿಕ್ಕ ಚೆಂಡನ್ನು ಫಿಬಾ ತಂದದ್ದು 2004ರಲ್ಲಿ. ಫೋಟೊ ತೋರಿಸುವುದಕ್ಕೆ ಮುಂಚೆ ಹೆಸರುಗಳನ್ನು ಹೇಳಿಸಿ. ತೋರಿಸಿದ ಮೇಲೆ ನೆನಪು ಫೋಟೊದ ಹಿಂದೆಯೇ ಹೋಗುತ್ತದೆ.

ಸ್ಕ್ಯಾನಿಂಗ್ ಮಳೆಗಾಲದಲ್ಲಿ ಬೇಡ, ನವೆಂಬರಿನಿಂದ ಫೆಬ್ರುವರಿಯೊಳಗೆ ಮುಗಿಸಿ. ಕಾಗದಕ್ಕೆ 300 ಡಿಪಿಐ, ಫೋಟೊಗೆ 600, ಫೋಟೊದ ಹಿಂಬದಿಯೂ ಬೇಕು. ಅಂಟಿಕೊಂಡ ಫೋಟೊಗಳನ್ನು ಎಳೆದು ಬಿಡಿಸಬೇಡಿ. ಸ್ಟೇಪಲ್ ಪಿನ್ನುಗಳನ್ನು ಮಾತ್ರ ಅಲ್ಲೇ ತೆಗೆದುಬಿಡಿ, ತುಕ್ಕು ಮೊದಲು ತಿನ್ನುವುದು ಮೂಲೆಯಲ್ಲಿ ಬರೆದ ತಾರೀಕನ್ನೇ.

ಪಟ್ಟಿಯಲ್ಲಿ ವರ್ಷವನ್ನು 1986-87 ಎಂದು ಶೈಕ್ಷಣಿಕವಾಗಿಯೇ ಬರೆಯಿರಿ. ಪ್ರತಿ ಹೆಸರಿನ ಮುಂದೆ ಆಧಾರ ಯಾವುದೆಂಬ ಕಾಲಮ್ ಇರಲಿ: ಹಾಳೆ, ಪತ್ರಿಕೆ, ಬಾಯಿಮಾತು. ಬಾಯಿಮಾತೊಂದೇ ಇದ್ದ ಹೆಸರುಗಳನ್ನು ನಾವು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇವೆ, ಇನ್ನೊಂದು ಕಾಗದ ಸಿಗುವವರೆಗೆ.