ಮಳೆಗಾಲದಲ್ಲಿ ಡ್ಯುಯಲ್ ಬೂಟ್: ಮೆನು ಹೋದರೆ ಎಲ್ಲಿ ಹುಡುಕಬೇಕು

ಕಾರವಾರದಿಂದ ಭಟ್ಕಳದವರೆಗೆ ಒಂದೇ ಡೆಸ್ಕ್‌ಟಾಪಿನಲ್ಲಿ ನುಡಿ, ಟ್ಯಾಲಿಗೆಂದು ವಿಂಡೋಸ್, ಉಳಿದದ್ದಕ್ಕೆಲ್ಲ ಉಬುಂಟು (ಲಿನಕ್ಸ್) ಇಟ್ಟುಕೊಂಡು ಡ್ಯುಯಲ್ ಬೂಟ್ ಮಾಡುವವರಿಗೆ ಜೂನ್ ಬಂತೆಂದರೆ ಕಿರಿಕಿರಿ ಶುರು. ನಿನ್ನೆಯವರೆಗೆ ಎರಡರಲ್ಲಿ ಯಾವುದು ಬೇಕೆಂದು ಕೇಳುವ ಮೆನು ತೋರಿಸುತ್ತಿದ್ದ ಕಂಪ್ಯೂಟರು ಇವತ್ತು ಸೀದಾ ವಿಂಡೋಸಿಗೆ ಹೋಗುತ್ತದೆ. ಇಲ್ಲವೇ ಮೆನು ಬಂದು ಅರ್ಧ ನಿಮಿಷ ಸುಮ್ಮನೆ ನಿಲ್ಲುತ್ತದೆ. ಎರಡರ ಕಾರಣವೂ ಬೇರೆ.

ಸ್ವಿಚ್ ಒತ್ತಿದ ಮೇಲೆ ಮೊದಲು ತೀರ್ಮಾನ ಮಾಡುವುದು ಮದರ್‌ಬೋರ್ಡಿನೊಳಗಿನ ತಂತ್ರಾಂಶ ಯುಇಎಫ್‌ಐ (ಹಳೆಯ ಬಯೋಸಿನ ಜಾಗಕ್ಕೆ ಬಂದದ್ದು). ಅದು ತನ್ನ ಪಟ್ಟಿಯಲ್ಲಿ ಮೊದಲಿರುವುದನ್ನು ಎಬ್ಬಿಸುತ್ತದೆ: ವಿಂಡೋಸ್ ಬೂಟ್ ಮ್ಯಾನೇಜರ್ ಅಥವಾ ಉಬುಂಟು. ಉಬುಂಟು ಮೊದಲಿದ್ದರೆ ಮಾತ್ರ ಉಬುಂಟುವಿನ ಜೊತೆ ಬರುವ ಗ್ರಬ್ ಎಂಬ ಬೂಟ್ ತಂತ್ರಾಂಶದ ಮೆನುವಿನ ಸರದಿ. ಹಾಗಾಗಿ ಮೆನು ಕಾಣದೆ ವಿಂಡೋಸ್ ತೆರೆದರೆ ಮೊದಲು ಯುಇಎಫ್‌ಐ ನೋಡಿ. ಮೆನು ಕಾಣದೆ ಉಬುಂಟು ತೆರೆದರೆ ಗ್ರಬ್ ಅಡಗಿದೆ ಅಷ್ಟೇ. ಇದನ್ನು ನೋಡದೆ ಗ್ರಬ್ಬನ್ನೇ ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಏನನ್ನೂ ಮುಟ್ಟುವ ಮೊದಲು ವಿಂಡೋಸಿನ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯೇ ನೋಡಿ. ಇದ್ದರೆ 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ. ಯುಇಎಫ್‌ಐಯಲ್ಲಿ ಸೆಕ್ಯೂರ್ ಬೂಟ್ (ಸಹಿ ಇರುವ ಬೂಟ್ ಫೈಲನ್ನಷ್ಟೇ ಬಿಡುವ ಕಾವಲು) ಬದಲಿಸಿದರೆ ವಿಂಡೋಸ್ ಅದನ್ನು ಕೇಳಬಹುದು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಕೂಡ ತೆಗೆದುಬಿಡಿ. ಅದು ಇರುವಾಗ ಶಟ್‌ಡೌನ್ ಅಂದರೆ ಅರೆನಿದ್ದೆ. ಆಗ ವಿಂಡೋಸಿನ ಸಿ ಡ್ರೈವಿಗೆ ಉಬುಂಟುವಿನಿಂದ ಏನೂ ಬರೆಯಲಾಗದು.

ಈಗ ಯುಇಎಫ್‌ಐ. ಆನ್ ಮಾಡಿದ ತಕ್ಷಣ ಡೆಲ್, ಏಸರ್, ಏಸುಸ್‌ನಲ್ಲಿ ಸಾಮಾನ್ಯವಾಗಿ ಎಫ್2, ಎಚ್‌ಪಿಯಲ್ಲಿ ಎಫ್10 ಒತ್ತುತ್ತಿರಿ. ಬೂಟ್ ಪುಟದಲ್ಲಿ ಉಬುಂಟುವನ್ನು ಮೇಲಕ್ಕೆ ತಂದು ಸೇವ್ ಮಾಡಿ. ಪಟ್ಟಿಯಲ್ಲಿ ಉಬುಂಟು ಹೆಸರೇ ಇಲ್ಲವೆಂದರೆ ಅದು ಅಳಿಸಿಹೋಗಿದೆ ಎಂದಲ್ಲ, ದಾಖಲೆ ಮಾತ್ರ ಹೋಗಿದೆ. 'ಆ್ಯಡ್ ಬೂಟ್ ಆಪ್ಷನ್' ಇದ್ದರೆ ಇಎಫ್‌ಐ ಫೋಲ್ಡರಿನೊಳಗಿನ ಉಬುಂಟು ಫೋಲ್ಡರಿಗೆ ಹೋಗಿ, ಶಿಮ್ ಎಂದು ಶುರುವಾಗುವ ಫೈಲನ್ನು ಆರಿಸಿ. ಸೆಕ್ಯೂರ್ ಬೂಟ್ ಆನ್ ಇದ್ದಾಗ ನೇರ ಗ್ರಬ್ ಫೈಲನ್ನು ಆರಿಸಬೇಡಿ.

ಸರಿಮಾಡಿದ ಕ್ರಮ ಒಂದೆರಡು ದಿನದಲ್ಲಿ ಮತ್ತೆ ತಪ್ಪಿದರೆ, ಗಡಿಯಾರವೂ ಹಿಂದಿನ ಯಾವುದೋ ವರ್ಷಕ್ಕೆ ಹೋಗಿದ್ದರೆ ಮದರ್‌ಬೋರ್ಡಿನ ಗುಂಡು ಸೆಲ್ ಸತ್ತಿದೆ. ಸಿಆರ್2032, 3 ವೋಲ್ಟ್, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಮೊದಲು ಸೆಟ್ಟಿಂಗ್ ಪುಟಗಳನ್ನೆಲ್ಲ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಆಮೇಲೆ ಸೆಲ್ ತೆಗೆಯಿರಿ. ಮಲ್ಟಿಮೀಟರಿನಲ್ಲಿ 2.8ಕ್ಕಿಂತ ಕಡಿಮೆ ತೋರಿಸಿದರೆ ಹೊಸದು ಹಾಕಿ. ಕಡಲ ಗಾಳಿಗೆ ಸೆಲ್ಲಿನ ಕೆಳಗಿನ ತಗಡಿನ ನಾಲಿಗೆಗೆ ಹಸಿರು ಪಾಚಿಯಂಥದ್ದು ಹಿಡಿದಿರುತ್ತದೆ. ಐಸೊಪ್ರೊಪಿಲ್ ಆಲ್ಕೊಹಾಲಿನಿಂದ ಒರೆಸಿ ಒಣಗಲು ಬಿಡಿ. ಹೊಸ ಸೆಲ್ ಹಾಕಿದ ಮೇಲೆ ಸಾಟಾ ಮೋಡ್ (ಬೋರ್ಡು ಡಿಸ್ಕಿನೊಡನೆ ಮಾತಾಡುವ ರೀತಿ) ಮೊದಲಿನಂತೆಯೇ ಇದೆಯೇ ಎಂದು ಫೋಟೊ ನೋಡಿ ತಾಳೆಹಾಕಿ. ಎಎಚ್‌ಸಿಐ ಇದ್ದದ್ದು ರೇಡ್ ಆಗಿದ್ದರೆ ವಿಂಡೋಸ್ ನೀಲಿ ಪರದೆಯಲ್ಲೇ ನಿಲ್ಲುತ್ತದೆ.

ಗಡಿಯಾರ ಸರಿಯಾಗಿ ಐದೂವರೆ ಗಂಟೆ ಮಾತ್ರ ಹೆಚ್ಚುಕಡಿಮೆ ಆದರೆ ಸೆಲ್ಲಿನ ತಪ್ಪಲ್ಲ. ಬೋರ್ಡಿನ ಗಡಿಯಾರವನ್ನು ವಿಂಡೋಸ್ ಭಾರತೀಯ ಸಮಯವೆಂದು ಓದುತ್ತದೆ, ಉಬುಂಟು ಯುಟಿಸಿ (ವಿಶ್ವ ಸಮಯ) ಎಂದು. ಟರ್ಮಿನಲ್‌ನಲ್ಲಿ 'ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1' ಕೊಟ್ಟರೆ ಜಗಳ ಮುಗಿಯಿತು.

ಗ್ರಬ್ಬಿನ ಸೆಟ್ಟಿಂಗ್ ಫೈಲು 'ಇಟಿಸಿ'ಯೊಳಗಿನ 'ಡಿಫಾಲ್ಟ್' ಫೋಲ್ಡರಿನಲ್ಲಿದೆ. ಅದರ ಸಾಲುಗಳ ಹೆಸರುಗಳೆಲ್ಲ 'ಗ್ರಬ್' ಎಂದೇ ಶುರು, ಇಂಗ್ಲಿಷಿನ ದೊಡ್ಡಕ್ಷರದಲ್ಲಿ, ನಡುವೆ ಅಂಡರ್‌ಸ್ಕೋರ್. ಸಮ ಚಿಹ್ನೆಯ ಆಚೀಚೆ ಜಾಗ ಬಿಡಬಾರದು. ಟೈಮ್‌ಔಟ್ ಸ್ಟೈಲನ್ನು 'ಮೆನು', ಟೈಮ್‌ಔಟನ್ನು 8 ಮಾಡಿ. ಡಿಫಾಲ್ಟಿಗೆ ಅಂಕಿ ಹಾಕುವ ಬದಲು 'ಸೇವ್ಡ್' ಎಂದು ಬರೆದು, ಕೆಳಗೆ ಸೇವ್‌ಡಿಫಾಲ್ಟ್ 'ಟ್ರೂ' ಕೊಡುವುದು ಒಳ್ಳೆಯದು. ಕೊನೆಗೆ ಆರಿಸಿದ್ದೇ ಮುಂದಿನ ಸಲವೂ ಬರುತ್ತದೆ. ಎಲ್‌ವಿಎಂ (ಲಿನಕ್ಸ್ ಡಿಸ್ಕನ್ನು ಹಂಚುವ ಇನ್ನೊಂದು ವಿಧಾನ) ಬಳಸಿದ ಡಿಸ್ಕಿನಲ್ಲಿ ಈ ಉಪಾಯ ನಡೆಯದು. ಮೆನುವಿನಲ್ಲಿ ವಿಂಡೋಸೇ ಕಾಣದಿದ್ದರೆ 'ಡಿಸೇಬಲ್ ಓಎಸ್ ಪ್ರೋಬರ್' ಸಾಲನ್ನು 'ಫಾಲ್ಸ್' ಮಾಡಿ, ಗ್ರಬ್ 2.06ರಿಂದ ಬೇರೆ ಓಎಸ್‌ಗಳ ಈ ಹುಡುಕಾಟ ಮೊದಲೇ ಬಂದ್ ಆಗಿರುತ್ತದೆ. ಕೊನೆಗೆ 'ಸುಡೊ ಅಪ್‌ಡೇಟ್-ಗ್ರಬ್' ಕೊಡಲೇಬೇಕು, ಇಲ್ಲದಿದ್ದರೆ ಬರೆದದ್ದೆಲ್ಲ ಫೈಲಿನಲ್ಲೇ ಉಳಿಯುತ್ತದೆ.

ಅರ್ಧ ನಿಮಿಷದ ಕಾಯುವಿಕೆ ಕರೆಂಟಿನ ಕೊಡುಗೆ. ಕೈಗಾ, ಕದ್ರಾ ವಿದ್ಯುತ್ ಸ್ಥಾವರಗಳೆರಡೂ ಕಾರವಾರ ತಾಲ್ಲೂಕಿನಲ್ಲೇ ಇದ್ದರೂ ತಂತಿ ಮೇಲೆ ಮರ ಬಿದ್ದರೆ ಕತ್ತಲೆ ಕತ್ತಲೆಯೇ. ಬೂಟ್ ಆಗುವಾಗಲೇ ಕರೆಂಟ್ ಹೋದರೆ, ಹಿಂದಿನ ಸಲ ಕೆಲಸ ಪೂರ್ತಿಯಾಗಲಿಲ್ಲವೆಂದು ಉಬುಂಟುವಿನ ಗ್ರಬ್ ಗುರುತು ಇಟ್ಟುಕೊಂಡು 30 ಸೆಕೆಂಡ್ ಮೆನು ತೋರಿಸುತ್ತದೆ. ಅದೇ ಫೈಲಿನಲ್ಲಿ 'ಗ್ರಬ್ ರೆಕಾರ್ಡ್‌ಫೇಲ್ ಟೈಮ್‌ಔಟ್' ಸಾಲು ಸೇರಿಸಿ 8 ಕೊಟ್ಟರೆ ಸಾಕು. ಅದಕ್ಕಿಂತ ಮುಖ್ಯ, ಯುಇಎಫ್‌ಐ ಪವರ್ ಪುಟದ 'ರಿಸ್ಟೋರ್ ಆನ್ ಎಸಿ ಪವರ್ ಲಾಸ್' ಅನ್ನು 'ಪವರ್ ಆಫ್' ಮಾಡುವುದು. ಇಲ್ಲದಿದ್ದರೆ ಕರೆಂಟ್ ಐದು ಸಲ ಬಂದು ಹೋದರೆ ಕಂಪ್ಯೂಟರೂ ಐದು ಸಲ ಏಳುತ್ತದೆ, ಬೀಳುತ್ತದೆ.