ಗೊಬ್ಬರದ ಅಂಗಡಿಯಲ್ಲಿ ಕಥೆ ಪುಸ್ತಕ ಮಾರಿದ ನನ್ನ ಅನುಭವ

"ಯೂರಿಯಾ ಪಕ್ಕದಲ್ಲಿ ಕಥೆ ಪುಸ್ತಕ ಇಟ್ರೆ ಯಾರು ತಗೊಳ್ತಾರೆ ಅಕ್ಕಾ?" ಕೊಡಗಿನ ಸುಂಟಿಕೊಪ್ಪದ ಗೊಬ್ಬರದ ಅಂಗಡಿ ಹುಡುಗ ಕೇಳಿದ್ದ. ನಮ್ಮ ಮನೆಯವರು ನಕ್ಕರು. ಮಡಿಕೇರಿಯ ಬರೆಯುವ ಗೆಳತಿಯರು ನಗಲಿಲ್ಲ, ಮುಖ ಮಾತ್ರ ಆ ಕಡೆ ತಿರುಗಿಸಿಕೊಂಡರು. ಈಗ ಆ ಒಂದೇ ಅಂಗಡಿಯಿಂದ ನೂರಹತ್ತು ಪ್ರತಿ ಹೋಗಿದೆ. ಅದಕ್ಕೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ಸೋತ ಕಥೆ ಹೇಳಿಬಿಡುತ್ತೇನೆ. 2018ರಲ್ಲಿ ನನ್ನ ಕವನ ಸಂಕಲನ ಬಂತು. ಬೆಂಗಳೂರಿನ ಒಬ್ಬ ಪ್ರಕಾಶಕರು "ಪ್ಯಾಕೇಜ್" ಅಂದರು. 500 ಪ್ರತಿಗೆ 48 ಸಾವಿರ ಕೊಟ್ಟೆ. ಅದರಲ್ಲಿ ಐಎಸ್‌ಬಿಎನ್‌ಗೆ, ಅಂದರೆ ಪುಸ್ತಕದ ಗುರುತಿನ ಸಂಖ್ಯೆಗೆ ಅಂತಲೇ ಎರಡೂವರೆ ಸಾವಿರ. ನಮ್ಮ ದೇಶದಲ್ಲಿ ಐಎಸ್‌ಬಿಎನ್ ಪುಕ್ಕಟೆ ಸಿಗುತ್ತದೆ ಅಂತ ನನಗೆ ಗೊತ್ತಾಗಿದ್ದು ನಾಲ್ಕು ವರ್ಷ ಕಳೆದ ಮೇಲೆ. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿಗೆ ಆನ್‌ಲೈನಲ್ಲಿ ಅರ್ಜಿ ಹಾಕಿದರೆ ಸಾಕು. ಎರಡನೇ ಪುಸ್ತಕಕ್ಕೆ ನಾನೇ ಹಾಕಿದೆ, ಸುಮಾರು ಮೂರು ವಾರದಲ್ಲಿ ಬಂತು. ಇನ್ನು ಆ ಸಂಕಲನದ ಮುಖಪುಟ. ಸುಂಟಿಕೊಪ್ಪದ ತೋಟದಲ್ಲಿ ಕೂತು ಬರೆದ ಕವನಗಳಿಗೆ ಸಮುದ್ರ ತೀರದ ಫೋಟೋ!

ಬಿಡುಗಡೆ ಸುರಿಮಳೆಯ ಜೂನ್ ತಿಂಗಳಲ್ಲಿ ಇಟ್ಟೆವು. ಕೊಡಗಿನವರಿಗೆ ಇಷ್ಟು ಹೇಳಿದರೆ ಸಾಕಲ್ವಾ? ಹಾಲ್ ಬಾಡಿಗೆ, ಊಟ, ಶಾಲು ಸೇರಿ ಹನ್ನೊಂದು ಸಾವಿರ. ಬಂದವರು ಊಟ ಮಾಡಿ ಗೌರವ ಪ್ರತಿ ಹಿಡಿದುಕೊಂಡು ಹೋದರು. ಆಗಸ್ಟಲ್ಲಿ ಗುಡ್ಡ ಕುಸಿಯಿತು. ಮಕ್ಕಂದೂರು, ಜೋಡುಪಾಲದ ಕಡೆಯವರು ಮನೆ ಬಿಟ್ಟು ಪರಿಹಾರ ಕೇಂದ್ರದಲ್ಲಿದ್ದರು. ಆಗ ಪುಸ್ತಕದ ಮಾತೆತ್ತಲು ನಾಚಿಕೆಯಾಯಿತು. ಕಟ್ಟುಗಳು ಕಾಫಿ ಗೋದಾಮಿನಲ್ಲೇ ಉಳಿದವು. ಮಳೆ ಬಿಟ್ಟ ಮೇಲೆ ಬಿಚ್ಚಿ ನೋಡಿದರೆ ಬೂಸ್ಟು. ಮಾರಿ ಬಂದಷ್ಟನ್ನು ಕಳೆದು ಲೆಕ್ಕ ಹಾಕಿದರೂ 45 ಸಾವಿರದ ಹತ್ತಿರ ಹೋಯಿತು. ಮಾವ ಒಂದೇ ಮಾತು ಹೇಳಿದರು: "ಒಳ್ಳೆ ಕಾಳುಮೆಣಸಿನ ಬಳ್ಳಿ ಹಾಕಿದ್ದರೆ ಇಷ್ಟೊತ್ತಿಗೆ ಫಸಲು ಬರ್ತಿತ್ತು."

ಆ ಮಾತು ತಲೆಯಲ್ಲಿ ಕೂತಿತು. ನಮ್ಮಲ್ಲಿ ಎಲ್ಲದಕ್ಕೂ ಒಂದು ಕಾಲ ಇದೆ. ಹಾಗಿದ್ದರೆ ಪುಸ್ತಕಕ್ಕೂ ಇರಲೇಬೇಕು. ಕಾಫಿ ಕುಯ್ದು, ಕಣದಲ್ಲಿ ಒಣಗಿಸಿ, ಮಾರಿ ಕೈಗೆ ದುಡ್ಡು ಬರುವುದು ಫೆಬ್ರವರಿ, ಮಾರ್ಚಲ್ಲಿ. ಮೇ ಕೊನೆಗೆ ಶಾಲೆ ಫೀಸು ಶುರು. ನಡುವೆ ಇರುವ ಎರಡೂವರೆ ತಿಂಗಳೇ ನಮ್ಮ ಜಿಲ್ಲೆಯ ಪುಸ್ತಕದ ಸೀಸನ್. ಇದು ನನ್ನ ಲೆಕ್ಕ. ಯಾರೂ ಒಪ್ಪಲಿಲ್ಲ.

ಎರಡನೇದು ಕಥೆಗಳು. ಈ ಸಲ ಮೊದಲು ಮಾರಿ ಆಮೇಲೆ ಪ್ರಿಂಟ್ ಹಾಕಿಸಿದೆ. 2023ರ ಡಿಸೆಂಬರ್‌ನಿಂದ ಪ್ರತಿ ಭಾನುವಾರ ರಾತ್ರಿ ಒಂದು ಕಥೆಯನ್ನು ಫೋನಲ್ಲಿ ಓದಿ ವಾಟ್ಸಾಪ್ ಗುಂಪುಗಳಿಗೆ ಹಾಕುತ್ತಿದ್ದೆ. ಬೆಳೆಗಾರರದ್ದು, ಹಳೇ ವಿದ್ಯಾರ್ಥಿಗಳದ್ದು, ಸ್ತ್ರೀಶಕ್ತಿ ಸಂಘದ್ದು, ಹೀಗೆ ಐದಾರು ಗುಂಪು. ಮೊದಲ ಎರಡು ಆಡಿಯೋ ಇಪ್ಪತ್ತು ನಿಮಿಷದವು. ರೇಡಿಯೋದವರ ಹಾಗೆ ಗತ್ತಿನಲ್ಲಿ ಓದಿದ್ದೆ. ಕೇಳಿದವರು ಬಹುಶಃ ನನ್ನ ತಂಗಿ ಒಬ್ಬಳೇ. ಮೂರನೇದನ್ನು ಏಳು ನಿಮಿಷಕ್ಕೆ ಇಳಿಸಿದೆ, ಅಡುಗೆಮನೆಯಲ್ಲಿ ಮಾತಾಡುವ ಹಾಗೆ ಹೇಳಿದೆ, ಅರ್ಧಕ್ಕೆ ನಿಲ್ಲಿಸಿದೆ. ಮಾರನೇ ದಿನ ಬೆಳಿಗ್ಗೆ ವಿರಾಜಪೇಟೆಯಿಂದ ಫೋನು: "ಅದು ನಮ್ಮ ದೊಡ್ಡಮ್ಮನ ಕಥೆ ಅಲ್ವಾ? ಆಮೇಲೆ ಏನಾಯ್ತು?" ಅವರ ದೊಡ್ಡಮ್ಮ ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕಥೆಯನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೆ ನನ್ನದೊಂದು ಲೆಕ್ಕ ಇದೆ. ಅದನ್ನು ಮಾತ್ರ ಕೇಳಬೇಡಿ.

ಬಾಯಲ್ಲಿ "ನನಗೊಂದು ಇರಲಿ" ಅಂದವರು ಮುನ್ನೂರೈವತ್ತು. ಮುಂಗಡ 130 ರೂಪಾಯಿ ಫೋನ್‌ಪೇ ಮಾಡಿದವರು 212. ಎರಡನೇ ಸಂಖ್ಯೆಯನ್ನು ನಂಬಿ 300 ಪ್ರತಿ ಡಿಜಿಟಲ್ ಪ್ರಿಂಟ್ ಹಾಕಿಸಿದೆ. ಒಂದಕ್ಕೆ 72 ಬಿತ್ತು. ಒಟ್ಟಿಗೆ ಜಾಸ್ತಿ ಪ್ರತಿ ಹಾಕುವ ಆಫ್‌ಸೆಟ್ ಪ್ರಿಂಟ್‌ನಲ್ಲಿ ಸಾವಿರ ಹಾಕಿಸಿದ್ದರೆ ಇನ್ನೂ ಕಮ್ಮಿ ಆಗುತ್ತಿತ್ತು, ನಿಜ. ಆದರೆ ಆ ಸಾವಿರವನ್ನು ಮಳೆಗಾಲದಲ್ಲಿ ಎಲ್ಲಿಡುವುದು? ಪ್ರಿಂಟು, ಡಿಟಿಪಿ ಅಂದರೆ ಪುಟ ಜೋಡಣೆ, ಪ್ರೂಫ್, ಮುಖಪುಟ ಎಲ್ಲ ಸೇರಿ ಮೂವತ್ತು ಸಾವಿರ ಚಿಲ್ಲರೆ. ಮುಂಗಡದಲ್ಲೇ ಹೆಚ್ಚುಕಮ್ಮಿ ಎದ್ದು ಹೋಯಿತು.

ಮೊದಲು 131 ಪುಟ ಆಗಿತ್ತು. ಪ್ರೆಸ್ಸಿನಲ್ಲಿ ಹದಿನಾರು ಪುಟಕ್ಕೆ ಒಂದು ಫಾರಂ, ಎಂಟು ಫಾರಂ ಅಂದರೆ 128. ಆ ಮೂರು ಪುಟಕ್ಕಾಗಿ ಒಂಬತ್ತನೇ ಫಾರಂ ಹಾಕುವ ಬದಲು ಮೂರು ಪುಟದ ಒಂದು ಕಥೆಯನ್ನೇ ತೆಗೆದೆ. ಹೊಟ್ಟೆ ಉರಿಯಿತು. ಈಗ ನೋಡಿದರೆ ಅದು ಇಲ್ಲದ್ದೇ ಒಳ್ಳೆಯದಾಯಿತು. ನಾನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದೆ, ಪ್ರೆಸ್ಸಿನವರು ಯೂನಿಕೋಡ್‌ಗೆ ಬದಲಿಸಿದರು. ಅರ್ಕಾವತ್ತು ಇದ್ದ ಕಡೆಯೆಲ್ಲ ಎಡವಟ್ಟು. ಒಬ್ಬರು ನಿವೃತ್ತ ಕನ್ನಡ ಮೇಷ್ಟ್ರಿಗೆ ಎರಡೂವರೆ ಸಾವಿರ ಕೊಟ್ಟು ಪ್ರೂಫ್ ನೋಡಿಸಿದೆ. ಮುನ್ನೂರು ತಪ್ಪು ಹಿಡಿದರು. ಪ್ರೂಫ್ ನೋಡಿದವರಿಗೆ ಕೊಟ್ಟ ದುಡ್ಡು ಎಂದೂ ದಂಡ ಅಲ್ಲ.

ಬಿಡುಗಡೆ ಮಾರ್ಚ್ 2024, ನಮ್ಮ ಕಾಫಿ ಕಣದಲ್ಲೇ. ಒಣಕಾಫಿ ಚೀಲ ಹೋಗಿ ಕಣ ಖಾಲಿಯಾಗಿತ್ತು. ಅತಿಥಿಗಳು ಇಲ್ಲ, ಶಾಲು ಇಲ್ಲ. ಕಾಫಿ, ಅಕ್ಕಿ ಕಡುಬು ಅಷ್ಟೆ. ಖರ್ಚು ಎರಡು ಸಾವಿರ ದಾಟಲಿಲ್ಲ. ಅದೃಷ್ಟವೂ ಇತ್ತು ಅನ್ನಿ. ಆ ವರ್ಷ ರೋಬಸ್ಟಾ ಕಾಫಿಗೆ ಯಾರೂ ಕಂಡಿರದ ರೇಟು ಬಂದಿತ್ತು. ಜೇಬು ತುಂಬಿದವರು 150 ರೂಪಾಯಿಗೆ ಚೌಕಾಸಿ ಮಾಡುವುದಿಲ್ಲ.

ಇನ್ನು ಅಂಗಡಿ ವಿಷಯ. ಪುಸ್ತಕದ ಅಂಗಡಿಯವರು ನಲವತ್ತು ಪರ್ಸೆಂಟ್ ಕಮಿಷನ್ ಕೇಳಿದರು. ಕೇಳುವುದು ಅವರ ವ್ಯಾಪಾರ, ತಪ್ಪೇನಿಲ್ಲ, ನನಗೆ ಪೂರೈಸುವುದಿಲ್ಲ ಅಷ್ಟೆ. ಗೊಬ್ಬರದ ಅಂಗಡಿಗೆ ಪ್ರತಿಗೆ 25 ರೂಪಾಯಿ ಅಂದೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ ಜನ ಗೊಬ್ಬರಕ್ಕೆ ಬರುತ್ತಾರೆ. ಮೇ ಕೊನೆಗೆ ಔಷಧಿ ಹೊಡೆಯುವ ಮೈಲುತುತ್ತ, ಸುಣ್ಣಕ್ಕೆ ಬರುತ್ತಾರೆ. ಬಿಲ್ ಆಗಿ ಜೀಪಿಗೆ ಲೋಡ್ ಆಗುವವರೆಗೆ ಅರ್ಧ ಗಂಟೆ ಸುಮ್ನೆ ನಿಲ್ಲಬೇಕು. ನಿಂತವರು ಕೈಗೆ ಸಿಕ್ಕಿದ್ದನ್ನು ಓದುತ್ತಾರೆ. ಕೌಂಟರ್ ಮೇಲೆ ಒಂದೇ ಪ್ರತಿ ಇಡಿಸಿದ್ದೆ. ಕಟ್ಟು ಇಟ್ಟರೆ ಯಾರೂ ಮುಟ್ಟುವುದಿಲ್ಲ. ಆ ಪ್ರತಿಯೊಳಗೆ ಒಂದು ಚೀಟಿ ಇರುತ್ತಿತ್ತು. ಅದರಲ್ಲಿ ಏನು ಬರೆದಿದ್ದೆ ಅನ್ನುವುದು ಮೂರನೇ ಪುಸ್ತಕ ಬರುವವರೆಗೆ ಗುಟ್ಟು. ಏಪ್ರಿಲ್‌ನಲ್ಲೇ ಪ್ರತಿ ಮುಗಿದು ಮತ್ತೆ 500 ಹಾಕಿಸಿದೆ, ಈ ಸಲ ಆಫ್‌ಸೆಟ್, ಒಂದಕ್ಕೆ 52. ಸುಂಟಿಕೊಪ್ಪ ಆದ ಮೇಲೆ ನಾಪೋಕ್ಲು, ಸಿದ್ದಾಪುರ, ಸೋಮವಾರಪೇಟೆಯಲ್ಲೂ ಇಟ್ಟೆ. ಸಿದ್ದಾಪುರದಲ್ಲಿ ಯಾಕೋ ಹೋಗಲಿಲ್ಲ.

ಬೇರೆ ಆಟಗಳನ್ನೂ ಆಡಿದ್ದೇನೆ. ಹೋಂಸ್ಟೇ ರೂಮುಗಳಲ್ಲಿ ಇಟ್ಟೆ, ಒಂಬತ್ತು ಹೋದವು, ಮೂರು ಕಳುವಾದವು. ಕಳುವಾಗಿದ್ದಕ್ಕೆ ಒಳಗೊಳಗೇ ಖುಷಿಯಾಯಿತು. ಮಡಿಕೇರಿ ದಸರಾ ರಾತ್ರಿ ಟೇಬಲ್ ಹಾಕಿ ನಾಲ್ಕು ಮಾರಿದೆ. ಮಂಟಪ ನೋಡಲು ಬಂದವರು ಪುಸ್ತಕ ನೋಡುತ್ತಾರಾ? ಕೊಡವ ಹಾಕಿ ಉತ್ಸವದ ಮೈದಾನದ ಹತ್ತಿರ ಎರಡು ದಿನದಲ್ಲಿ 31 ಹೋಯಿತು. ಒಂದು ಮ್ಯಾಚ್ ಮುಗಿದು ಇನ್ನೊಂದು ಶುರುವಾಗುವವರೆಗೆ ಜನ ಅಡ್ಡಾಡುತ್ತಾರಲ್ಲ, ಅದೇ ಸಮಯ. ಪತ್ರಿಕೆಗಳಿಗೆ 22 ಪ್ರತಿ ಕಳಿಸಿದೆ, ಎರಡರಲ್ಲಿ ವಿಮರ್ಶೆ ಬಂತು. ಅವುಗಳಿಂದ ಎಷ್ಟು ಮಾರಾಟ ಆಯಿತು ಅಂತ ಹೇಳಲಾರೆ. ನೆಂಟರ ಮನೆಯಲ್ಲಿ ಮರ್ಯಾದೆ ಮಾತ್ರ ಜಾಸ್ತಿ ಆಯಿತು.

ದೊಡ್ಡ ಪೆದ್ದುತನ ಕಾಳುಮೆಣಸಿನದ್ದು. ಮುಂಗಡ ಕೊಟ್ಟವರಿಗೆ ಪುಸ್ತಕದ ಜೊತೆ ನಮ್ಮ ತೋಟದ್ದೇ ಒಂದು ಸಣ್ಣ ಪ್ಯಾಕೆಟ್ ಇಟ್ಟೆ. ಪೋಸ್ಟ್ ಆಫೀಸಿನಲ್ಲಿ, ರಿಜಿಸ್ಟರ್ಡ್ ಬುಕ್ ಪೋಸ್ಟಲ್ಲಿ ಪುಸ್ತಕ ಬಿಟ್ಟು ಬೇರೇನೂ ಹೋಗುವಂತಿಲ್ಲ, ಪಾರ್ಸೆಲ್ ಮಾಡಿ ಅಂದರು. ಅಲ್ಲೇ ಬೆಂಚಿನ ಮೇಲೆ ಕೂತು ಅರವತ್ತು ಕವರ್ ಬಿಚ್ಚಿದೆ. ಕಾಳು ಒತ್ತಿ ಕೆಲವು ಮುಖಪುಟಕ್ಕೆ ಸಿಡುಬು ಎದ್ದ ಹಾಗೆ ಗುರುತು ಬೇರೆ. ಆ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಕೊನೆಗೆ ನಿಂತೇ ಹೋಯಿತು. ಈಗ ಮೇ 2025ರಿಂದ ಪುಸ್ತಕ ಕಳಿಸಲು ಅಂಚೆಯವರದ್ದೇ ಜ್ಞಾನ್ ಪೋಸ್ಟ್ ಬಂದಿದೆ, 300 ಗ್ರಾಂವರೆಗೆ 20 ರೂಪಾಯಿ, ಮೇಲೆ ತೆರಿಗೆ. ನಮ್ಮಂಥವರಿಗೆ ಅದು ಸಾಕು.

ವಯಸ್ಸಿನಲ್ಲಿ ಸಣ್ಣವರು, ಮೊದಲ ಪುಸ್ತಕ ತರುವವರು ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನವನ್ನು ಒಮ್ಮೆ ವಿಚಾರಿಸಿ. ನನಗೆ ಪ್ರಾಯವೂ ಮೀರಿತ್ತು, ಚೊಚ್ಚಲವೂ ಮುಗಿದಿತ್ತು.

ಒಟ್ಟು 800ರಲ್ಲಿ 690ರ ಹತ್ತಿರ ಮಾರಾಟ, ಐವತ್ತು ಪುಕ್ಕಟೆ, ಉಳಿದವು ಅಕ್ಕಿ ಹಾಕುವ ಮುಚ್ಚಳದ ಡ್ರಮ್ಮಿನಲ್ಲಿ ಬೆಚ್ಚಗಿವೆ. ಕೈಗೆ ಇಪ್ಪತ್ತು, ಇಪ್ಪತ್ತೆರಡು ಸಾವಿರ ಉಳಿದಿರಬಹುದು. ಕವನ ಸಂಕಲನ ತಿಂದ ದುಡ್ಡಿನ ಅರ್ಧ ಮಾತ್ರ ಅದು. ಕಥೆ ಓದಿದವರು ಈಗ ಆ ಕವನಗಳನ್ನೂ ಕೇಳಿಕೊಂಡು ಬರುತ್ತಾರೆ. ಬೂಸ್ಟು ಒರೆಸಿ, ಬಿಸಿಲಿಗಿಟ್ಟು, ಅರ್ಧ ರೇಟಿಗೆ ಹತ್ತೊಂಬತ್ತು ಕೊಟ್ಟೆ. ಸಮುದ್ರದ ಫೋಟೋ ಯಾಕೆ ಅಂತ ಹತ್ತೊಂಬತ್ತು ಜನವೂ ಕೇಳಿದರು.